ದುರ್ಬಲ ಲಾಜಿಕ್ ಔಟ್‌ಪುಟ್‌ಗೆ ಎಲ್‌ಇಡಿ ಸೂಚಕ: ನನ್ನ ಅನುಭವ

ದುರಸ್ತಿಗೆ ಬಂದ ನಿಯಂತ್ರಣ ಬೋರ್ಡೊಂದರಲ್ಲಿ ಸಿಡಿ4011 ಲಾಜಿಕ್ ಗೇಟಿನ (ಹೆಚ್ಚು ಅಥವಾ ಕಡಿಮೆ ವೋಲ್ಟೇಜಿನ ಸಂಕೇತ ಕೊಡುವ ಚಿಪ್) ಔಟ್‌ಪುಟ್‌ಗೆ 330 ಓಮ್ ರೆಸಿಸ್ಟರ್ ಮೂಲಕ ಕೆಂಪು ಎಲ್‌ಇಡಿಯನ್ನು ನೇರವಾಗಿ ಜೋಡಿಸಲಾಗಿತ್ತು. ದೀಪ ಮಂಕಾಗಿತ್ತು; ಅದಕ್ಕಿಂತ ಗಂಭೀರವಾದ ತೊಂದರೆಯೆಂದರೆ, ಅದೇ ಔಟ್‌ಪುಟ್ಟನ್ನು ಓದಬೇಕಾದ ಮುಂದಿನ ಗೇಟು ಆಗಾಗ ತಪ್ಪು ಸ್ಥಿತಿಗೆ ಹೋಗುತ್ತಿತ್ತು.

ಅಳೆದು ನೋಡಿದಾಗ 5 ವೋಲ್ಟ್ ಇರಬೇಕಾದಲ್ಲಿ 3 ವೋಲ್ಟಿಗಿಂತ ಕಡಿಮೆ ಇತ್ತು. ಈ ಸರಣಿಯ ಗೇಟುಗಳು 5 ವೋಲ್ಟ್ ಪೂರೈಕೆಯಲ್ಲಿ ತಮ್ಮ ವೋಲ್ಟೇಜನ್ನು ಉಳಿಸಿಕೊಂಡು ಖಚಿತವಾಗಿ ಕೊಡಬಲ್ಲ ಕರೆಂಟು ಸುಮಾರು 0.5 ಮಿಲಿಆಂಪಿಯರ್ ಮಾತ್ರ. ಎಲ್‌ಇಡಿ ಅದಕ್ಕಿಂತ ಹಲವು ಪಟ್ಟು ಎಳೆಯುವುದರಿಂದ ವೋಲ್ಟೇಜ್ ಕುಸಿಯುತ್ತದೆ, ಮುಂದಿನ ಗೇಟಿಗೆ ಬೇಕಾದ 3.5 ವೋಲ್ಟ್ ಸಿಗುವುದಿಲ್ಲ. ರೆಸಿಸ್ಟರಿನ ಓಮ್ ಮೌಲ್ಯವನ್ನು ಹೆಚ್ಚಿಸಿದ್ದರೆ ಗೇಟು ಸರಿಹೋಗುತ್ತಿತ್ತು, ಆದರೆ ದೀಪ ಇನ್ನಷ್ಟು ಮಂಕಾಗುತ್ತಿತ್ತು.

ಆದ್ದರಿಂದ ನಡುವೆ ಒಂದು ಬಿಸಿ547 ಟ್ರಾನ್ಸಿಸ್ಟರ್ ಹಾಕಿದೆ; ಇದು ಬೇಸ್ ಎಂಬ ಕಾಲಿಗೆ ಕೊಡುವ ಸಣ್ಣ ಕರೆಂಟಿನಿಂದ ಕಲೆಕ್ಟರ್ ಮತ್ತು ಎಮಿಟರ್ ಕಾಲುಗಳ ನಡುವಿನ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚಿನಂತೆ ಕೆಲಸ ಮಾಡುತ್ತದೆ. ಔಟ್‌ಪುಟ್‌ನಿಂದ ಬೇಸ್‌ಗೆ 22 ಕಿಲೋಓಮ್ ರೆಸಿಸ್ಟರ್, ಎಮಿಟರ್ ಗ್ರೌಂಡ್‌ಗೆ (0 ವೋಲ್ಟ್), 5 ವೋಲ್ಟ್ ಪೂರೈಕೆಯಿಂದ 560 ಓಮ್ ಮತ್ತು ಎಲ್‌ಇಡಿ ಮೂಲಕ ಕಲೆಕ್ಟರ್‌ಗೆ ಜೋಡಣೆ. ಬೇಸ್‌ಗೆ ಹೋಗುವುದು ಸುಮಾರು 0.2 ಮಿಲಿಆಂಪಿಯರ್, ಎಲ್‌ಇಡಿಯಲ್ಲಿ ಹರಿಯುವುದು ಸುಮಾರು 5. ಈ ಅನುಪಾತ ಟ್ರಾನ್ಸಿಸ್ಟರನ್ನು ಪೂರ್ತಿ ಆನ್ ಮಾಡಲು ಧಾರಾಳವಾಗಿ ಸಾಕು. ಬೇಸ್ ರೆಸಿಸ್ಟರನ್ನು ಮಾತ್ರ ಎಂದಿಗೂ ಬಿಡಬಾರದು, ಏಕೆಂದರೆ ಅದಿಲ್ಲದಿದ್ದರೆ ಔಟ್‌ಪುಟ್ 0.7 ವೋಲ್ಟಿನ ಆಸುಪಾಸಿನಲ್ಲೇ ಸಿಕ್ಕಿಕೊಳ್ಳುತ್ತದೆ.

ಈಗ ಔಟ್‌ಪುಟ್ 4.9 ವೋಲ್ಟ್ ತೋರಿಸುತ್ತಿದೆ, ಮುಂದಿನ ಗೇಟು ತಪ್ಪುತ್ತಿಲ್ಲ, ದೀಪವೂ ಹಗಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಈ ಟ್ರಾನ್ಸಿಸ್ಟರಿನ ಬದಲು 2ಎನ್7000 ಮಾಸ್‌ಫೆಟ್ (ಕರೆಂಟಿನ ಬದಲು ವೋಲ್ಟೇಜಿನಿಂದ ಆನ್ ಆಗುವ ಟ್ರಾನ್ಸಿಸ್ಟರ್) ಬಳಸಿದರೆ ಸ್ಥಿರ ಸ್ಥಿತಿಯಲ್ಲಿ ಲಾಜಿಕ್ ಗೇಟಿನಿಂದ ಕರೆಂಟೇ ಬೇಕಾಗುವುದಿಲ್ಲ. ಆದರೆ ಅದರ ಥ್ರೆಶೋಲ್ಡ್ (ಆನ್ ಆಗಲು ಶುರುವಾಗುವ ವೋಲ್ಟೇಜ್) 3 ವೋಲ್ಟ್‌ವರೆಗೂ ಇರಬಹುದಾದ್ದರಿಂದ 3.3 ವೋಲ್ಟ್ ಲಾಜಿಕ್‌ಗೆ ನಾನು ಅದನ್ನು ಆರಿಸುವುದಿಲ್ಲ.