ಸೀಮಂತದ ಬಳೆಗೆ ಕಾಗದದ ಡಬ್ಬಿ

ಸೀಮಂತಕ್ಕೆ ಬಂದವರಿಗೆ ತಾಂಬೂಲದ ಜೊತೆ ಗಾಜಿನ ಬಳೆ ಕೊಡುವ ಮನೆಗಳಲ್ಲಿ ದೊಡ್ಡ ಚಿಂತೆ ಬಳೆ ಒಡೆಯುವುದು. ತೆಳು ಕವರಿನಲ್ಲಿ ಹಾಕಿ ಕೊಟ್ಟ ಬಳೆ ಬಸ್ಸಿನ ನೂಕುನುಗ್ಗಲು ತಾಳುವುದಿಲ್ಲ. ಮುಚ್ಚಳವಿರುವ ಪುಟ್ಟ ಕಾಗದದ ಡಬ್ಬಿ ತಾಳುತ್ತದೆ. ಒಂದು ಎ4 ಹಾಳೆಯಲ್ಲಿ ಒಂದು ಡಬ್ಬಿ, ಮುಚ್ಚಳ, ಚೀಟಿ ಮೂರೂ ಆಗುತ್ತವೆ.

ಮೊದಲು ಬಳೆ, ಆಮೇಲೆ ಕಾಗದ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲೋ ಮಂಡ್ಯದ ಪೇಟೆ ಬೀದಿಯಲ್ಲೋ ಬಳೆ ತಂದು, ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ. 2-8 ಅಳತೆಯ ಬಳೆಯ ಒಳವ್ಯಾಸವೇ ಸುಮಾರು 6.4 ಸೆಂ.ಮೀ.; ಗಾಜಿನ ದಪ್ಪ ಸೇರಿದರೆ 7ರ ಆಸುಪಾಸಿಗೆ ಬರುತ್ತದೆ. ಇಲ್ಲಿ ಕೊಟ್ಟಿರುವ 7.5 ಸೆಂ.ಮೀ. ಚೌಕದ ಡಬ್ಬಿಯಲ್ಲಿ 2-8ರವರೆಗಿನ ಆರು ಬಳೆ ಹಿಡಿಯುತ್ತವೆ. 2-10 ಇದ್ದರೆ ತಳ, ಮುಚ್ಚಳ ಎರಡರ ಚೌಕವನ್ನೂ ಅರ್ಧ ಸೆಂ.ಮೀ. ಹೆಚ್ಚಿಸಿ.

ಬೇಕಾಗುವುದು: 25 ಡಬ್ಬಿಗೆ 250 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ) ಎ4 ಕಾರ್ಡ್ ಶೀಟ್ 28 (ಮೂರು ಹಾಳಾಗಲೆಂದೇ), ಸ್ಟೀಲ್ ಸ್ಕೇಲ್, ಕಟರ್, ಇಂಕು ಮುಗಿದ ಬಾಲ್‌ಪೆನ್, ಫೆವಿಕಾಲ್, ಬಟ್ಟೆ ಕ್ಲಿಪ್, ಬಿಳಿ ಟಿಶ್ಯೂ ಕಾಗದ, ಸಣ್ಣ ರಿಬ್ಬನ್ 12.5 ಮೀಟರ್. ಚಾರ್ಟ್ ಪೇಪರ್ ಬೇಡ. ಗೋಡೆ ನಿಲ್ಲದೆ ಬಾಗುತ್ತದೆ.

ತಳಕ್ಕೆ 13.5 ಸೆಂ.ಮೀ. ಚೌಕ, ಮುಚ್ಚಳಕ್ಕೆ 11.7 ಸೆಂ.ಮೀ. ಚೌಕ ಕತ್ತರಿಸಿ. ತಳಕ್ಕೆ ನಾಲ್ಕೂ ಅಂಚಿನಿಂದ 3 ಸೆಂ.ಮೀ., ಮುಚ್ಚಳಕ್ಕೆ 2 ಸೆಂ.ಮೀ. ಒಳಗೆ, ಸ್ಕೇಲಿಟ್ಟು ಖಾಲಿ ಪೆನ್ನಿನಿಂದ ಒತ್ತಿ ಗೀರಿ. ಮುಚ್ಚಳದ ಮೇಲ್ಭಾಗ ಆಗ 7.7 ಆಗುತ್ತದೆ. ಆ 2 ಮಿ.ಮೀ. ವ್ಯತ್ಯಾಸವೇ ಎಲ್ಲ. ಎರಡೂ ಒಂದೇ ಅಳತೆಯಾದರೆ ಮುಚ್ಚಳ ಇಳಿಯುವುದಿಲ್ಲ, ಒತ್ತಿದರೆ ಮೂಲೆ ಹರಿಯುತ್ತದೆ.

ಗೀರು ಡಬ್ಬಿಯ ಹೊರಮೈಗೆ ಬರಬೇಕು. ಮಡಿಕೆ ಅದರ ಹಿಂದಕ್ಕೆ. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಾಗಿಸಿ ನೋಡಿದರೆ ಒಂದು ಕಡೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆ ಬಿಗಿ. ಬಿಗಿಯಾದ ಕಡೆ ಮಡಿಕೆಯಲ್ಲಿ ಕಾಗದ ಬಿರಿದು ಬಿಳಿ ಗೆರೆ ಕಾಣುವುದರಿಂದ ಅಲ್ಲಿ ಎರಡು ಬಾರಿ ಗೀರಿ.

ಮೂಲೆಯ ಪುಟ್ಟ ಚೌಕಗಳಿಗೆ ತಲಾ ಒಂದೇ ಕತ್ತರಿ: ಎದುರುಬದುರಿನ ಎರಡು ಅಂಚುಗಳಿಂದ ಗೀರಿನ ಮೇಲೆಯೇ, ಗೀರುಗಳು ಕೂಡುವ ಜಾಗದವರೆಗೆ. ಒಂದು ಮಿ.ಮೀ. ಮುಂದೆ ಹೋದರೂ ಮೂಲೆಯಲ್ಲಿ ತೂತು. ಹೀಗೆ ಒಂದು ಬದಿ ಬಿಡಿಯಾದ ಮೂಲೆ ಚೌಕಗಳೇ ಕಿವಿಗಳು; ಅವುಗಳ ಅಂಚನ್ನು ತುಸು ಓರೆಯಾಗಿ ಸವರಿ, ತೆಳುವಾಗಿ ಫೆವಿಕಾಲ್ ಹಚ್ಚಿ ಪಕ್ಕದ ಗೋಡೆಯ ಒಳಗೆ ಅಂಟಿಸಿ. ಅಂಟು ಹೆಚ್ಚಾದರೆ ಕಾಗದ ನೀರು ಹೀರಿ ಸೊಟ್ಟಗಾಗುತ್ತದೆ. ಕ್ಲಿಪ್ಪಿನ ಕೆಳಗೆ ಕಾಗದದ ಚೂರಿಟ್ಟು ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ಹಲ್ಲಿನ ಗುರುತು ಉಳಿಯುತ್ತದೆ. ಮುಚ್ಚಳದ ಎರಡು ಎದುರು ಬದಿಗಳಲ್ಲಿ ಬೆರಳಗಲ ಅರ್ಧಚಂದ್ರ ಕತ್ತರಿಸಿದರೆ ಅಜ್ಜಿಯರಿಗೂ ತೆಗೆಯಲು ಸುಲಭ.

ಅಲಂಕಾರದಲ್ಲಿ ಒಂದು ಎಚ್ಚರ. ಮಗು ಹುಟ್ಟುವ ಮೊದಲು ತೊಟ್ಟಿಲು, ಮಗುವಿನ ಚಿತ್ರ ಬೇಡ ಎನ್ನುವ ಹಿರಿಯರಿದ್ದಾರೆ. ಕೇಳಿಯೇ ಅಂಟಿಸಿ. ಮಾವಿನೆಲೆ, ಮಲ್ಲಿಗೆ, ಎಳೆ ರಂಗೋಲಿ ಯಾವ ಮನೆಗೂ ಒಪ್ಪುತ್ತವೆ, ನೋಡಲೂ ಚಂದ.

ಉಳಿದ ತುಂಡಿನಿಂದ ಚೀಟಿ ಕತ್ತರಿಸಿ. ಮೂಲೆಗೆ ಅರಿಶಿನ ಹಚ್ಚುವುದಾದರೆ ಮೊದಲು ಹಚ್ಚಿ, ಪೂರ್ತಿ ಒಣಗಿದ ಮೇಲೆ ಬರೆಯಿರಿ; ಜೆಲ್ ಪೆನ್ನಿನ ಅಕ್ಷರ ಒದ್ದೆಗೆ ಹರಡುತ್ತದೆ.

ಆರು ಬಳೆಗಳನ್ನು ನೂಲಿನಿಂದ ಎರಡು ಕಡೆ ಕಟ್ಟಿ, ಬಿಳಿ ಟಿಶ್ಯೂ ಸುತ್ತಿ ಇಡಿ. ಬಣ್ಣದ ಟಿಶ್ಯೂ ತೇವ ತಗುಲಿದರೆ ಬಣ್ಣ ಬಿಡುತ್ತದೆ. ಅರಿಶಿನ ಕುಂಕುಮಕ್ಕೆ ಜಿಪ್ ಇರುವ ಸಣ್ಣ ಕವರು ಬೇಕು. ವೀಳ್ಯದೆಲೆ, ಹೂವು, ಹಣ್ಣು ಡಬ್ಬಿಯೊಳಗೆ ಬೇಡವೇ ಬೇಡ: ಅವುಗಳ ತೇವಕ್ಕೆ ಒಂದು ರಾತ್ರಿಯಲ್ಲಿ ತಳ ಮೆತ್ತಗಾಗುತ್ತದೆ. ಅವನ್ನು ತಾಂಬೂಲದ ಚೀಲದಲ್ಲಿ ಬೇರೆಯಾಗಿಯೇ ಕೊಡಿ.

ಕೊನೆಗೆ ಡಬ್ಬಿಯೊಂದಕ್ಕೆ ಅರ್ಧ ಮೀಟರ್ ರಿಬ್ಬನ್ ಸುತ್ತಿ ಗಂಟು ಹಾಕಿ. ಮಳೆಗಾಲದಲ್ಲಿ ಖಾಲಿ ಡಬ್ಬಿಗಳನ್ನು ಮುಂಚೆಯೇ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಡಬಹುದು; ಬಳೆ ತುಂಬುವುದು ಹಿಂದಿನ ದಿನ ಸಾಕು. ಛತ್ರಕ್ಕೆ ಒಯ್ಯುವಾಗ ಒಂದರ ಮೇಲೊಂದು ನಾಲ್ಕಕ್ಕಿಂತ ಹೆಚ್ಚು ಪೇರಿಸಬೇಡಿ.