ಕಲಬುರಗಿಯ ಬಯಲಲ್ಲಿ ದಾಲ್ಚಿನ್ನಿಯ ಬಳಗವನ್ನು ಗುರುತಿಸುವುದು ಹೇಗೆ?

ದಾಲ್ಚಿನ್ನಿ, ಕರ್ಪೂರದ ಮರ, ಬೆಣ್ಣೆಹಣ್ಣು ಇವೆಲ್ಲ ಸೇರಿದ ಲಾರೇಸಿ ಕುಟುಂಬವು ಹೆಚ್ಚಾಗಿ ತೇವದ ಕಾಡನ್ನು ಬಯಸುವುದರಿಂದ, ಪಶ್ಚಿಮ ಘಟ್ಟದಲ್ಲಿ ಅದರ ಹತ್ತಾರು ಪ್ರಭೇದಗಳಿದ್ದರೆ ನಮ್ಮ ಒಣ ಬಯಲಿನಲ್ಲಿ ಕೆಲವೇ ಕಾಣುತ್ತವೆ. ಹೊಸದಾಗಿ ಕಲಿಯುವವರಿಗೆ ಇದು ಅನುಕೂಲವೇ. ಈ ಕುಟುಂಬ ಸೇರುವ ಲಾರೇಲ್ಸ್ ಗಣದಲ್ಲಿ 7 ಕುಟುಂಬಗಳಿವೆ; ಇಲ್ಲಿ ಲಾರೇಸಿ ಮತ್ತು ಹರ್ನಾಂಡಿಯೇಸಿ ಎಂಬ ಎರಡನ್ನು ಅರಿತರೆ ಸಾಕು.

ಮೊದಲು ಕಿರಾಣಿ ಅಂಗಡಿಯಿಂದ ತೇಜಪತ್ತಾ ತಂದು ಬೆಳಕಿಗೆ ಹಿಡಿಯಿರಿ. ಬುಡದ ಬಳಿಯಿಂದಲೇ ಹೊರಟು ತುದಿಯತ್ತ ಸಾಗುವ ಮೂರು ನರಗಳು ದಾಲ್ಚಿನ್ನಿ ಜಾತಿಯ ಹಲವು ಮರಗಳ ಗುರುತು. ಮೆಡಿಟರೇನಿಯನ್ ಪ್ರದೇಶದ ಲಾರೆಲ್ ಎಲೆಯಲ್ಲಿ ನಡುನರ ಒಂದೇ ಇದ್ದು, ಉಳಿದವು ಅದರಿಂದ ಕವಲೊಡೆಯುತ್ತವೆ.

ಎಲೆಗಿಂತ ಹೂವು ಹೆಚ್ಚು ನಂಬಿಕೆಗೆ ಅರ್ಹ. ಅರಳಿದ ಹೂವನ್ನು ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದರೆ, ಈ ಎರಡೂ ಕುಟುಂಬಗಳಲ್ಲಿ ಪರಾಗಕೋಶವು ಉದ್ದಕ್ಕೆ ಸೀಳದೆ, ಕಿಟಕಿಯ ಬಾಗಿಲಿನಂತೆ ಸಣ್ಣ ಮುಚ್ಚಳಗಳು ಮೇಲೆದ್ದು ತೆರೆದುಕೊಳ್ಳುವುದು ಕಾಣುತ್ತದೆ.

ಮುಂದಿನ ಹೆಜ್ಜೆಯಲ್ಲಿ ಬಹಳ ಎಚ್ಚರ ಬೇಕು. ಬೇಲಿಯ ಗಿಡಗಳ ಮೇಲೆ ಎಲೆಯಿಲ್ಲದೆ ದಾರದಂತೆ ಹಬ್ಬುವ ಪರಾವಲಂಬಿಯನ್ನು ಜನ ಆಕಾಶಬಳ್ಳಿ ಎನ್ನುತ್ತಾರೆ. ಆದರೆ ಆ ಹೆಸರಿನಲ್ಲಿ ಎರಡು ಬೇರೆ ಸಸ್ಯಗಳಿವೆ. ಕಸ್ಕ್ಯೂಟವು ಗೆಣಸಿನ ಕುಟುಂಬದ್ದು. ಅದರ ಬಿಳಿ ಹೂವಿನಲ್ಲಿ ಸಾಮಾನ್ಯವಾಗಿ ಐದು ಎಸಳುಗಳು, ಒಣಗಿದ ಕಾಯಿಯಲ್ಲಿ ಒಂದಕ್ಕಿಂತ ಹೆಚ್ಚು ಬೀಜಗಳಿರುತ್ತವೆ. ಕಸೈತಾ ಮಾತ್ರ ಲಾರೇಸಿಯದು. ಹೊರಗೆ ಮೂರು ಪುಟ್ಟವು, ಒಳಗೆ ಮೂರು ದೊಡ್ಡವು, ಹೀಗೆ ಆರು ದಳಗಳಿದ್ದು, ದುಂಡನೆಯ ರಸಭರಿತ ಕಾಯಿಯಲ್ಲಿ ಒಂದೇ ಬೀಜವಿರುತ್ತದೆ. ಮರಗಳೇ ತುಂಬಿದ ಕುಟುಂಬವೊಂದು ಇಂಥ ಬಳ್ಳಿಯನ್ನೂ ಹೊಂದಿರುವುದು ನಿಜಕ್ಕೂ ಬೆರಗಿನ ಸಂಗತಿ. ಹೂವು ಕಾಯಿ ಎರಡೂ ಇಲ್ಲದ ಬಳ್ಳಿಗೆ ಅವಸರದಿಂದ ಹೆಸರಿಡಬೇಡಿ.

ಹರ್ನಾಂಡಿಯೇಸಿಯ ಗೈರೋಕಾರ್ಪಸ್ ದಕ್ಷಿಣ ಭಾರತದ ಒಣ ಕಾಡುಗಳ ಮರ. ನುಣುಪಾದ ಬೂದು ತೊಗಟೆ, ಬೇಸಿಗೆಯಲ್ಲಿ ಬೋಳಾಗುವ ಕೊಂಬೆ, ಎರಡು ನೀಳ ರೆಕ್ಕೆಗಳಿಂದ ಗಿರಗಿರನೆ ತಿರುಗುತ್ತ ಬೀಳುವ ಕಾಯಿ ಅದರ ಲಕ್ಷಣಗಳು. ಒಣ ಗುಡ್ಡಗಳಲ್ಲಿ ಅಡ್ಡಾಡುವಾಗ ಇಂಥ ಕಾಯಿಗಾಗಿ ನೆಲವನ್ನೂ ಗಮನಿಸಿ. 2011ರಲ್ಲಿ ವನ್ಯಜೀವಿಧಾಮವಾದ ಚಿಂಚೋಳಿ ಕಾಡಿಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಅಲ್ಲಿ ಗಿಡವನ್ನು ಕೀಳದೆ, ಎಲೆ, ಹೂವು, ಕಾಯಿ, ತೊಗಟೆಗಳ ಚಿತ್ರಗಳನ್ನು ಬೇರೆ ಬೇರೆಯಾಗಿ ತೆಗೆದು, ಸ್ಥಳ ಮತ್ತು ದಿನಾಂಕವನ್ನು ಅಲ್ಲಿಯೇ ಬರೆದುಕೊಳ್ಳಿ.