ಜರ್ಮನಿಯಲ್ಲಿ ಜರ್ಮನ್ ಕಲಿಯಲೇಬೇಕಾ? ಯಾರಿಗೆ ಕಡ್ಡಾಯ, ಯಾರಿಗೆ ಅಲ್ಲ

ಜರ್ಮನಿಯಲ್ಲಿ ಕೆಲಸ ಸಿಕ್ಕ ಕೂಡಲೇ ನಮ್ಮವರು ಮೊದಲು ಸಂಬಳದ ಬಗ್ಗೆ ಕೇಳುತ್ತಾರೆ, ಆಮೇಲೆ ಮನೆ ಬಾಡಿಗೆ. ಅದಾದ ಮೇಲೆ ಬರುವ ಪ್ರಶ್ನೆ ಇದು: ಜರ್ಮನ್ ಕಲಿಯಲೇಬೇಕಾ? ಬರ್ಲಿನ್‌ನಲ್ಲಿರುವ ಗೆಳೆಯ "ಏನೂ ಬೇಡ ಮಾರಾಯ, ಆಫೀಸಲ್ಲಿ ಎಲ್ಲಾ ಇಂಗ್ಲಿಷೇ" ಅನ್ನುತ್ತಾನೆ. ಸ್ಟುಟ್‌ಗಾರ್ಟ್ ಹತ್ತಿರದ ಸಣ್ಣ ಊರಿನಲ್ಲಿರುವವನು "ಕಲೀದೆ ಬಂದರೆ ಕಷ್ಟ ಇದೆ" ಅನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಲ್ಲಿನ ಕಾನೂನು ಎಲ್ಲರ ಹತ್ತಿರವೂ ಒಂದೇ ಥರ ಭಾಷೆ ಕೇಳುವುದಿಲ್ಲ. ನೀವು ಯಾವ ವೀಸಾದಲ್ಲಿ ಬರುತ್ತೀರಿ, ಎಷ್ಟು ವರ್ಷ ಇರಬೇಕು ಅಂದುಕೊಂಡಿದ್ದೀರಿ ಅನ್ನುವುದರ ಮೇಲೆ ಅದು ನಿಂತಿದೆ.

ಮೊದಲು ಲೆಕ್ಕದ ಮಾತು. ಭಾಷೆಯನ್ನು ಇಲ್ಲಿ ಆರು ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ: ಎ1, ಎ2, ಬಿ1, ಬಿ2, ಸಿ1, ಸಿ2. ಎ1 ಅಂದರೆ ಹೆಸರು, ಊರು ಹೇಳಿ, ಅಂಗಡಿಯಲ್ಲಿ ಬ್ರೆಡ್ ಕೇಳುವಷ್ಟು. ಬಿ1 ಅಂದರೆ ದಿನದ ವ್ಯವಹಾರ ಒಬ್ಬರೇ ಸಂಭಾಳಿಸುವಷ್ಟು. ಕಾನೂನಿನಲ್ಲಿ ಹೆಚ್ಚಿನ ಬಾಗಿಲುಗಳು ತೆರೆಯುವುದು ಬಿ1 ಹತ್ತಿರ. ಇಂಗ್ಲಿಷ್ ಸಾಕು ಅನ್ನುವ ಆಫೀಸುಗಳನ್ನು ಬಿಟ್ಟರೆ, ಹೇಳಿಕೊಳ್ಳುವಂಥ ಕೆಲಸ ಸಿಗುವುದು ಬಿ2 ಆದ ಮೇಲೆ.

ಐಟಿಯವರು ಹೆಚ್ಚಾಗಿ ಬರುವುದು ಬ್ಲೂ ಕಾರ್ಡ್ ಅನ್ನುವ ಕೆಲಸದ ಪರ್ಮಿಟ್‌ನಲ್ಲಿ. ಅದಕ್ಕೆ ಜರ್ಮನ್ ಒಂದಕ್ಷರವೂ ಬೇಡ. ಡಿಗ್ರಿ, ಅದಕ್ಕೆ ಹೊಂದುವ ಕೆಲಸ, ನಿಗದಿ ಮಾಡಿದ ಸಂಬಳ ಇದ್ದರೆ ಸಾಕು. ಅವರ ಜೊತೆ ಬರುವ ಗಂಡ ಅಥವಾ ಹೆಂಡತಿಗೂ ಭಾಷೆಯ ಪರೀಕ್ಷೆ ಇಲ್ಲ. ಬಂದ ದಿನದಿಂದಲೇ ಅವರೂ ಕೆಲಸ ಮಾಡಬಹುದು.

ಈಗ ಉಡುಪಿ ಕಡೆಯ ಒಬ್ಬ ಅಡುಗೆಯವರನ್ನು ತೆಗೆದುಕೊಳ್ಳಿ. ಫ್ರಾಂಕ್‌ಫರ್ಟ್‌ನ ಇಂಡಿಯನ್ ರೆಸ್ಟೋರೆಂಟ್ ಒಂದಕ್ಕೆ ವಿಶೇಷ ಅಡುಗೆಯವರ ವೀಸಾದಲ್ಲಿ ಬಂದಿದ್ದಾರೆ ಅಂತಿಟ್ಟುಕೊಳ್ಳಿ. ಅವರ ಹೆಂಡತಿ ಊರಿನಲ್ಲೇ ಕೂತು ಎ1 ಪಾಸು ಮಾಡಬೇಕು. ಆಮೇಲೆಯೇ ವೀಸಾ. ಉಡುಪಿಯಲ್ಲಿ ಜರ್ಮನ್ ಪಾಠ ಎಲ್ಲಿ ಸಿಗುತ್ತದೆ, ಪರೀಕ್ಷೆಗೆ ಬೆಂಗಳೂರಿಗೆ ಹೋಗಿಬರುವ ಖರ್ಚು ಯಾರದು ಅಂತ ಯಾರೂ ಕೇಳುವುದಿಲ್ಲ. ಈ ನಿಯಮ 2007ರಲ್ಲಿ ಬಂತು. ಬಲವಂತದ ಮದುವೆ ತಡೆಯೋಕೆ ಅಂತ ಆಗ ಕಾರಣ ಕೊಟ್ಟರು. ಆದರೆ ಜರ್ಮನಿಯಲ್ಲಿರುವ ಗಂಡ ಅಮೆರಿಕದವನೋ ಜಪಾನಿನವನೋ ಆಗಿದ್ದರೆ ಹೆಂಡತಿಗೆ ಪರೀಕ್ಷೆ ಇಲ್ಲ! ಬರಬರುತ್ತಾ ವಿನಾಯಿತಿಗಳ ಪಟ್ಟಿ ಬೆಳೆದಿದೆ. ಬ್ಲೂ ಕಾರ್ಡ್ ಇಲ್ಲದಿದ್ದರೂ ನುರಿತ ಕೆಲಸಗಾರರ ಪರ್ಮಿಟ್ ಇದ್ದವರ ಸಂಗಾತಿಗೂ ಈಗ ಎ1 ಬೇಡ (ವಿಶೇಷ ಅಡುಗೆಯವರ ವೀಸಾ ಇದರಲ್ಲಿ ಸೇರುವುದಿಲ್ಲ). ಕಲಿಯಲು ನಿಜವಾಗಿ ಸಾಧ್ಯವೇ ಇಲ್ಲದವರಿಗೂ ರಿಯಾಯಿತಿ ಇದೆ, ಆದರೆ ಅದನ್ನು ಸಾಬೀತು ಮಾಡುವುದು ನಿಮ್ಮ ತಲೆನೋವು.

ನನ್ನ ಅಭಿಪ್ರಾಯ ಇಲ್ಲೇ ಹೇಳಿಬಿಡುತ್ತೇನೆ. ಬಂದವರು ಭಾಷೆ ಕಲಿಯಲಿ ಅಂತ ನಿರೀಕ್ಷಿಸುವುದು ತಪ್ಪಲ್ಲ. ಆದರೆ ಬೇಕಾದವರಿಗೆ ಮಾಫಿ, ಬೇಡದವರಿಗೆ ಪರೀಕ್ಷೆ ಅಂದರೆ ಅದು ಭಾಷೆಯ ವಿಷಯವಲ್ಲ, ಗೇಟಿನ ವಿಷಯ.

ಇದಕ್ಕೊಂದು ಹಿನ್ನೆಲೆ ಇದೆ. 1955ರಲ್ಲಿ ಇಟಲಿ ಜೊತೆ, 1961ರಲ್ಲಿ ಟರ್ಕಿ ಜೊತೆ ಒಪ್ಪಂದ ಮಾಡಿಕೊಂಡು ಪಶ್ಚಿಮ ಜರ್ಮನಿ ಕಾರ್ಖಾನೆ, ಗಣಿಗಳಿಗೆ ಲಕ್ಷಗಟ್ಟಲೆ ಜನರನ್ನು ಕರೆಸಿಕೊಂಡಿತು. ಅವರನ್ನು ಕರೆದದ್ದೇ ಅತಿಥಿ ಕೆಲಸಗಾರರು ಅಂತ. ಅತಿಥಿ ಅಂದಮೇಲೆ ವಾಪಸ್ ಹೋಗಲೇಬೇಕಲ್ಲ! ಹಾಗಾಗಿ ಭಾಷೆ ಕಲಿಸುವ ಗೋಜಿಗೆ ಸರ್ಕಾರ ಹೋಗಲಿಲ್ಲ. 1973ರಲ್ಲಿ ಕರೆಸಿಕೊಳ್ಳುವುದು ನಿಂತಿತು, ಆದರೆ ತುಂಬಾ ಜನ ಇಲ್ಲೇ ನೆಲೆಸಿದರು. ದಶಕಗಳಾದ ಮೇಲೆ "ಇಷ್ಟು ವರ್ಷ ಇದ್ದೂ ಜರ್ಮನ್ ಬರಲ್ಲ" ಅಂತ ಅವರ ಮೇಲೇ ಗೂಬೆ ಕೂರಿಸಿದರು. 2024ರ ಪೌರತ್ವ ಕಾನೂನು ಇದನ್ನು ಸ್ವಲ್ಪ ಸರಿಪಡಿಸಿದೆ. 1974ರ ಜೂನ್ ಒಳಗೆ ಪಶ್ಚಿಮ ಜರ್ಮನಿಗೆ ಬಂದ ಆ ಕೆಲಸಗಾರರು ದಿನನಿತ್ಯದ ಜರ್ಮನ್ ಮಾತಾಡಿದರೆ ಸಾಕು, ಲಿಖಿತ ಪರೀಕ್ಷೆ ಬೇಡ ಅಂದಿದೆ. ಅಷ್ಟರಲ್ಲಿ ಅವರಿಗೆ ಮೊಮ್ಮಕ್ಕಳಾಗಿದ್ದವು.

ಕಲಿಸುವ ವ್ಯವಸ್ಥೆ ನಿಜವಾಗಿ ಶುರುವಾದದ್ದು 2005ರಲ್ಲಿ. ಇಂಟಿಗ್ರೇಷನ್ ಕೋರ್ಸ್ ಅನ್ನುತ್ತಾರೆ. ನನಗೆ ಕೇಳಿದರೆ ಈ ದೇಶ ಹೊಸಬರಿಗೆ ಕೊಡುವ ಒಳ್ಳೆಯ ಸೌಲಭ್ಯಗಳಲ್ಲಿ ಇದೂ ಒಂದು. ನಮ್ಮವರು ಇದನ್ನು ಬಳಸಿಕೊಳ್ಳುವುದು ಕಮ್ಮಿ. ಒಟ್ಟು 700 ಪೀರಿಯಡ್, ಒಂದೊಂದು 45 ನಿಮಿಷ. ಅದರಲ್ಲಿ 600 ಭಾಷೆಗೆ, 100 ದೇಶದ ಚರಿತ್ರೆ, ಕಾನೂನು, ಸಮಾಜಕ್ಕೆ. ಗುರಿ ಬಿ1. ಖರ್ಚಿನ ದೊಡ್ಡ ಪಾಲು ಸರ್ಕಾರದ್ದು.   ತರಗತಿಯಲ್ಲಿ ಒಂದು ಕಡೆ ಸಿರಿಯಾದವರು, ಇನ್ನೊಂದು ಕಡೆ ಬ್ರೆಜಿಲ್‌ನವರು. ಎಲ್ಲರಿಗೂ ಬರುವ ಇನ್ನೊಂದು ಭಾಷೆ ಇರುವುದಿಲ್ಲ. ಹಾಗಾಗಿ ಟೀ ಬ್ರೇಕಿನಲ್ಲೂ ತಪ್ಪು ತಪ್ಪು ಜರ್ಮನ್‌ನಲ್ಲೇ ಮಾತು ನಡೆಯುತ್ತದೆ. ಪುಸ್ತಕದಿಂದ ಬರದ ಧೈರ್ಯ ಅಲ್ಲಿ ಬರುತ್ತದೆ.

ಗಮನದಲ್ಲಿಡಿ: ಕೆಲಸಕ್ಕೋ ಸಂಸಾರಕ್ಕೋ ಬಂದು ಕನಿಷ್ಠ ಒಂದು ವರ್ಷದ ಪರ್ಮಿಟ್ ಮೊದಲ ಸಲ ಸಿಕ್ಕವರಿಗೆ ಈ ಕೋರ್ಸ್ ಸೇರುವ ಹಕ್ಕಿರುತ್ತದೆ. ಆ ಹಕ್ಕಿಗೆ ಆಯಸ್ಸು ಒಂದೇ ವರ್ಷ. ಪರ್ಮಿಟ್ ಕಾರ್ಡ್ ತರಲು ವಿದೇಶಿಯರ ಕಚೇರಿಗೆ ಹೋದಾಗಲೇ ಬಾಯಿ ಬಿಟ್ಟು ಕೇಳಿ. ಅವರಾಗಿಯೇ ಹೇಳುತ್ತಾರೆ ಅಂತ ಕಾಯಬೇಡಿ. ಓದಲು ಬಂದ ವಿದ್ಯಾರ್ಥಿಗಳಿಗೆ ಈ ಹಕ್ಕಿಲ್ಲ. ಅವರು ಯೂನಿವರ್ಸಿಟಿಯ ಭಾಷಾ ಕೇಂದ್ರ ಹಿಡಿಯಬೇಕು.

ಇರುವ ಅವಧಿ ಉದ್ದವಾದಷ್ಟೂ ಕಾನೂನು ಕೇಳುವ ಭಾಷೆಯೂ ಏರುತ್ತದೆ. ಬ್ಲೂ ಕಾರ್ಡ್‌ನವರಿಗೆ ಎ1 ಇದ್ದರೆ 27 ತಿಂಗಳಿಗೆ ಪಿಆರ್ (ಕಾಯಂ ವಾಸದ ಪರ್ಮಿಟ್), ಬಿ1 ಇದ್ದರೆ 21 ತಿಂಗಳಿಗೇ. ಬೇರೆ ನುರಿತ ಕೆಲಸಗಾರರಿಗೆ ಮೂರು ವರ್ಷ, ಬಿ1 ಬೇಕೇ ಬೇಕು. ಪೌರತ್ವಕ್ಕೆ 2024ರ ಜೂನ್ 27ರಿಂದ ಐದು ವರ್ಷ ಸಾಕು, ಮೊದಲು ಎಂಟಿತ್ತು. ಅಲ್ಲೂ ಬಿ1. ಜೊತೆಗೆ 33 ಪ್ರಶ್ನೆಗಳ ಒಂದು ಟೆಸ್ಟ್, 17 ಸರಿಯಿದ್ದರೆ ಪಾಸು. ಸಿ1 ಇದ್ದವರಿಗೆ ಮೂರೇ ವರ್ಷಕ್ಕೆ ಪೌರತ್ವ ಅನ್ನುವ ದಾರಿಯೂ ಇತ್ತು. 2025ರ ಅಕ್ಟೋಬರ್ 30ರಿಂದ ಅದನ್ನು ಮುಚ್ಚಿದರು. ಹಳೆಯ ವಿಡಿಯೋ ನೋಡಿ ಸಿ1 ಕ್ಲಾಸಿಗೆ ದುಡ್ಡು ಕಟ್ಟುವ ಮುಂಚೆ ಇದು ನೆನಪಿರಲಿ. ಇನ್ನೊಂದು ಮಾತು, ಜರ್ಮನಿ ಈಗ ಎರಡು ಪೌರತ್ವ ಒಪ್ಪಿದರೂ ನಮ್ಮ ದೇಶ ಒಪ್ಪುವುದಿಲ್ಲ. ಭಾರತದ ಪಾಸ್‌ಪೋರ್ಟ್ ಬಿಟ್ಟುಕೊಟ್ಟು ಒಸಿಐ (ಸಾಗರೋತ್ತರ ಭಾರತೀಯರ ಕಾರ್ಡ್) ಮಾಡಿಸಬೇಕು.

ಕೆಲವು ಕೆಲಸಗಳಲ್ಲಿ ಭಾಷೆ ಬೇಕೇ ಅನ್ನುವ ಚರ್ಚೆಯೇ ಇಲ್ಲ. ನರ್ಸ್ ಆಗಿ ಬರುವವರಿಗೆ ಸಾಮಾನ್ಯವಾಗಿ ಬಿ2 ಬೇಕು. ಡಾಕ್ಟರ್‌ಗಳಿಗೆ ವೈದ್ಯಕೀಯ ಜರ್ಮನ್‌ನ ಬೇರೆ ಪರೀಕ್ಷೆಯೇ ಇದೆ. ಮೂರು ಭಾಗ, ತಲಾ 20 ನಿಮಿಷ. ಮೊದಲು ರೋಗಿಯ ಪಾತ್ರ ಮಾಡುವವರನ್ನು ಮಾತಾಡಿಸಿ ಕಾಯಿಲೆಯ ವಿವರ ಕೇಳಿಕೊಳ್ಳಬೇಕು. ಆಮೇಲೆ ಅದನ್ನು ವರದಿಯಾಗಿ ಬರೆಯಬೇಕು. ಕೊನೆಗೆ ಹಿರಿಯ ಡಾಕ್ಟರ್‌ಗೆ ಒಪ್ಪಿಸಬೇಕು. ರೋಗಿಗೆ "ಹೊಟ್ಟೆ ನೋವಾ" ಅಂತಲೂ, ಡಾಕ್ಟರ್‌ಗೆ ವೈದ್ಯಕೀಯ ಪದದಲ್ಲೂ ಹೇಳಲು ಬರಬೇಕು. ಇದನ್ನು ಅನ್ಯಾಯ ಅಂತ ಯಾರೂ ಅನ್ನಲಾರರು.

ಇಷ್ಟು ಕಾನೂನಿನಲ್ಲಿ ಬರೆದಿರುವ ಕಥೆ. ಬರೆಯದೆ ಇರುವುದು ಇನ್ನೂ ದೊಡ್ಡದು.

ಜರ್ಮನಿಯ ಆಡಳಿತ ಕಾನೂನಿನಲ್ಲಿ ಚುಟುಕಾದ ಒಂದು ಸಾಲಿದೆ: ಆಡಳಿತ ಭಾಷೆ ಜರ್ಮನ್. ಅಷ್ಟೇ. ಕಚೇರಿಯಲ್ಲಿ ಯಾರಾದರೂ ಇಂಗ್ಲಿಷ್ ಮಾತಾಡಿದರೆ ಅದು ಅವರ ದೊಡ್ಡ ಮನಸ್ಸು, ನಿಮ್ಮ ಹಕ್ಕಲ್ಲ. ಕೋರ್ಟಿನಲ್ಲೂ ಹಾಗೇ. ಪೂರ್ವದ ಬೌಟ್ಸನ್ ಕಡೆ ಹಿಂದಿನಿಂದ ಇರುವ ಸೋರ್ಬ್ ಜನರಿಗೆ ಮಾತ್ರ ತಮ್ಮ ಊರಿನ ಕೋರ್ಟಿನಲ್ಲಿ ಸೋರ್ಬಿಯನ್ ಮಾತಾಡುವ ಹಕ್ಕಿದೆ.

ಇದು ಮನೆ ಬಾಗಿಲಿಗೆ ಬರುವುದು ಹಳದಿ ಲಕೋಟೆಯ ರೂಪದಲ್ಲಿ. ಸರ್ಕಾರ ಅಥವಾ ಕೋರ್ಟ್ ಮುಖ್ಯವಾದ ಕಾಗದವನ್ನು ಹಳದಿ ಲಕೋಟೆಯಲ್ಲಿ ಕಳಿಸುತ್ತದೆ. ನೀವು ಮನೆಯಲ್ಲಿಲ್ಲದಿದ್ದರೆ ಅಂಚೆಯವರು ಲಕೋಟೆ ಮೇಲೆ ಪೆನ್ನಿನಲ್ಲಿ ತಾರೀಖು ಬರೆದು ಡಬ್ಬಕ್ಕೆ ಹಾಕಿ ಹೋಗುತ್ತಾರೆ. ಗಡುವು ಅವತ್ತಿನಿಂದಲೇ ಓಡಲು ಶುರು. ಸ್ಪೀಡ್ ಕ್ಯಾಮೆರಾ ದಂಡಕ್ಕೆ ತಕರಾರು ಎತ್ತಬೇಕಾದರೆ ಎರಡೇ ವಾರ. ಬೇರೆ ಸರ್ಕಾರಿ ಆದೇಶಗಳಿಗೆ ಸಾಮಾನ್ಯವಾಗಿ ಒಂದು ತಿಂಗಳು. ಒಳಗಿನದು ಅರ್ಥವಾಯಿತಾ ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ಲಕೋಟೆ ಬಿಸಾಡಬೇಡಿ, ತಾರೀಖು ಅದರ ಮೇಲಿರುತ್ತದೆ. ಫೋನಿನ ಅನುವಾದ ಒಂದು ಅಂದಾಜಿಗೆ ಸಾಕು. ಉತ್ತರ ಬರೆಯುವ ಮುಂಚೆ ಜರ್ಮನ್ ಚೆನ್ನಾಗಿ ಬರುವ ಒಬ್ಬರಿಗೆ ತೋರಿಸಿ.

ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಬೀಳುವುದು ಕಾನೂನು ಏನೂ ಕೇಳದೆ ಒಳಗೆ ಬಿಟ್ಟವರಿಗೆ. ಹೆಚ್ಚಾಗಿ ಇವರು ನಮ್ಮ ಹೆಣ್ಣುಮಕ್ಕಳು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇಂಜಿನಿಯರಿಂಗ್ ಮುಗಿಸಿ, ಕೆಲಸ ಬಿಟ್ಟು, ಗಂಡನ ಬ್ಲೂ ಕಾರ್ಡ್ ಹಿಂದೆ ಬಂದಿರುತ್ತಾರೆ. ಗಂಡನಿಗೆ ಆಫೀಸಿದೆ, ಇಂಗ್ಲಿಷ್ ಇದೆ, ಸಂಜೆ ಬಿಯರ್‌ಗೆ ಕರೆಯುವ ಸಹೋದ್ಯೋಗಿಗಳಿದ್ದಾರೆ. ಇವರಿಗೆ ಇರುವುದು ಮಕ್ಕಳ ಡಾಕ್ಟರ್‌ನ ರಿಸೆಪ್ಷನ್, ಅಲ್ಲಿ ಫೋನ್ ಎತ್ತುವವರಿಗೆ ಜರ್ಮನ್ ಒಂದೇ ಬರುತ್ತದೆ. ಮಗುವಿನ ಕೀಟಾದಿಂದ (ಶಿಶುವಿಹಾರ) ಚೀಟಿ ಬರುತ್ತದೆ, ನಾಳೆ ಮಳೆಪ್ಯಾಂಟ್ ಕಳಿಸಿ ಅಂತ. ಪೋಷಕರ ಸಭೆಯಲ್ಲಿ ಎರಡು ಗಂಟೆ ಸುಮ್ನೆ ನಗುತ್ತಾ ಕೂರಬೇಕು. ಕೆಲಸ ಹುಡುಕಲು ಹೋದರೆ ಜಾಹೀರಾತುಗಳಲ್ಲಿ ಬಿ2, ಸಿ1. ಎ1 ಬೇಡ ಅಂದ ಕಾನೂನು ಉಪಕಾರ ಮಾಡಿದ ಹಾಗೆ ಕಂಡಿತ್ತು, ಅಲ್ವಾ? ಮೂರು ವರ್ಷ ಆಗುವಷ್ಟರಲ್ಲಿ ಬಯೋಡೇಟಾದಲ್ಲಿ ಮೂರು ವರ್ಷದ ಖಾಲಿ ಜಾಗ. ಗಂಡಂದಿರಿಗೆ ಒಂದು ಮಾತು: ವಾರದಲ್ಲಿ ಕೆಲವು ದಿನ ಬೇಗ ಬಂದು ಮಗುವನ್ನು ನೋಡಿಕೊಂಡರೆ ಸಂಜೆ ಕ್ಲಾಸ್ ಸಾಧ್ಯ.

ಮಕ್ಕಳು ಕಲಿತುಬಿಡುತ್ತಾರೆ, ಅದರ ಚಿಂತೆ ಬೇಡ ಅನ್ನುತ್ತಾರೆ. ಪೂರ್ತಿ ನಿಜವಲ್ಲ. ಬಹಳಷ್ಟು ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸ್ ಆದ ಮೇಲೆ ಮಕ್ಕಳನ್ನು ಬೇರೆ ಬೇರೆ ಥರದ ಶಾಲೆಗಳಿಗೆ ಹಂಚುತ್ತಾರೆ. ಬವೇರಿಯಾದಲ್ಲಿ ಗಿಮ್ನಾಸಿಯಂಗೆ, ಅಂದರೆ ಯೂನಿವರ್ಸಿಟಿ ಕಡೆ ಒಯ್ಯುವ ಶಾಲೆಗೆ, ನೇರವಾಗಿ ಹೋಗಲು ಜರ್ಮನ್, ಗಣಿತ, ಪರಿಸರ ಪಾಠ ಈ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಚೆನ್ನಾಗಿರಬೇಕು. ಇಲ್ಲಿ 1 ಅಂದರೆ ಅತ್ಯುತ್ತಮ. ಏಳೆಂಟು ವರ್ಷದ ಮಗುವನ್ನು ಕರೆತರುವವರು ಈ ಲೆಕ್ಕ ಹಾಕಿಕೊಂಡೇ ಬರಬೇಕು. ಹಾಗಂತ ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ. ನಿಮ್ಮ ಎ2 ಜರ್ಮನ್ ಕೇಳಿ ಮಗು ಉದ್ಧಾರವಾಗುವುದಿಲ್ಲ. ಅದನ್ನು ಕೀಟಾ, ಶಾಲೆ ಕಲಿಸಲಿ.

ಬೆಂಗಳೂರಿನ ವಿಷಯ ಎತ್ತದೆ ಇರಲಾಗದು. ಅಲ್ಲಿ ಹೊರಗಿನವರಿಗೆ ಕನ್ನಡ ಕಲೀರಿ ಅಂದವರೇ ಇಲ್ಲಿ ಏಳು ವರ್ಷ ಇಂಗ್ಲಿಷ್‌ನಲ್ಲೇ ದಿನ ದೂಡುತ್ತಾರೆ ಅನ್ನುವ ಚುಚ್ಚುಮಾತು ನಮ್ಮ ಯುಗಾದಿ ಕೂಟಗಳಲ್ಲಿ ಕೇಳಿಬರುತ್ತದೆ. ಎರಡೂ ಒಂದೇ ಅಲ್ಲ. ಬೆಂಗಳೂರಿಗೆ ಬರುವ ಬಿಹಾರದವರು ತಮ್ಮದೇ ದೇಶದೊಳಗೆ ಬಂದಿರುತ್ತಾರೆ, ಅವರ ಹತ್ತಿರ ಸರ್ಟಿಫಿಕೇಟ್ ಕೇಳುವ ಅಧಿಕಾರ ಯಾರಿಗೂ ಇಲ್ಲ. ನಾವು ಇಲ್ಲಿ ಪರದೇಶಿಗಳು, ನಮಗೆ ಷರತ್ತು ಹಾಕಬಹುದು. ಆದರೂ ಚುಚ್ಚುಮಾತು ಚುಚ್ಚುತ್ತದೆ ಅನ್ನುವುದನ್ನು ಒಪ್ಪಬೇಕು. ಸ್ಟುಟ್‌ಗಾರ್ಟ್‌ನ ಉತ್ತರಕ್ಕಿರುವ ಬ್ರಾಕನ್‌ಹೈಮ್‌ನಲ್ಲಿ ಹುಟ್ಟಿದ ಪಾದ್ರಿ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಡಿಸುವಷ್ಟು ಕನ್ನಡ ಕಲಿತಿದ್ದರು. ಅವರ ಹತ್ತಿರ ಬಿ1 ಕೇಳಿದವರಿರಲಿಲ್ಲ. ಜನರನ್ನು ತಲುಪಬೇಕಿತ್ತು, ಕಲಿತರು.

ಶುರು ಮಾಡಲು ಬೆಂಗಳೂರಿನಲ್ಲಿ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಪರೀಕ್ಷೆಯ ಸೀಟು ಮುಂಚೆಯೇ ಬುಕ್ ಮಾಡಿ. ಅಲ್ಲಿನ ಬಿ1ರಲ್ಲಿ ಓದು, ಕೇಳು, ಬರಹ, ಮಾತು ನಾಲ್ಕೂ ಬೇರೆ ಬೇರೆ. ಪ್ರತಿಯೊಂದರಲ್ಲೂ 100ಕ್ಕೆ 60 ಬೇಕು. ಒಂದರಲ್ಲಿ ಹೋದರೆ ಅದನ್ನಷ್ಟೇ ಮತ್ತೆ ಬರೆಯಬಹುದು. ಜರ್ಮನಿಗೆ ಬಂದ ಮೇಲೆ ಊರಿನ ಫೋಲ್ಕ್ಸ್‌ಹೋಕ್‌ಶೂಲೆ (ದೊಡ್ಡವರಿಗೆ ಪಾಠ ಹೇಳುವ ಸಾರ್ವಜನಿಕ ಕೇಂದ್ರ) ಕೇಳಿ, ಖಾಸಗಿ ಕ್ಲಾಸ್‌ಗಿಂತ ಅಗ್ಗ. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯ ಆನ್‌ಲೈನ್ ಪಾಠಗಳು ಪುಕ್ಕಟೆ.

ಕಲಿತದ್ದು ರಸ್ತೆಯಲ್ಲಿ ಅರ್ಥವಾಗದಿದ್ದರೆ ಗಾಬರಿ ಬೇಡ, ಪಠ್ಯದ ಜರ್ಮನ್ ಬೇರೆ, ಊರಿನದು ಬೇರೆ. ಸ್ಟುಟ್‌ಗಾರ್ಟ್ ರಾಜಧಾನಿಯಾಗಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ "ನಮಗೆ ಎಲ್ಲಾ ಬರುತ್ತೆ, ಶುದ್ಧ ಜರ್ಮನ್ ಒಂದು ಬಿಟ್ಟು" ಅಂತ ವರ್ಷಗಟ್ಟಲೆ ಜಾಹೀರಾತು ಹಾಕಿಕೊಂಡಿತ್ತು. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ನೀವು ಎರಡು ವಾಕ್ಯ ತಡವರಿಸಿದ ಕೂಡಲೇ ಎದುರಿಗಿರುವವರು ಮರ್ಯಾದೆಗೆ ಇಂಗ್ಲಿಷ್‌ಗೆ ಹೊರಳುತ್ತಾರೆ. ಆಗ "ಬಿಟ್ಟೆ ಆಉಫ್ ಡಾಯ್ಚ್, ಲಾಂಗ್‌ಸಾಮ್" ಅನ್ನಿ, ದಯವಿಟ್ಟು ಜರ್ಮನ್‌ನಲ್ಲೇ, ನಿಧಾನವಾಗಿ ಅಂತ. ಹೆಚ್ಚಿನವರು ಖುಷಿಯಿಂದ ಒಪ್ಪುತ್ತಾರೆ. ಬೇಕರಿಯಲ್ಲಿ ಹಿಂದೆ ಉದ್ದ ಸಾಲಿದ್ದಾಗ ಮಾತ್ರ ಈ ಪ್ರಯೋಗ ಬೇಡ.